ದೀಕ್ಷಾಸ್ನಾನ ಮತ್ತು ಪ್ರಾಚೀನ ಯೆಹೂದ್ಯ ವಿವಾಹ ಪದ್ಧತಿ: ಒಂದು ಪರಿಶೀಲನೆ

ಕ್ರೈಸ್ತಧರ್ಮದ ಪ್ರವೇಶವಿಧಿಗೆ ಕನ್ನಡದಲ್ಲಿ ಎರಡು ಹೆಸರುಗಳು ರೂಢಿಯಲ್ಲಿವೆ. ಬೈಬಲ್ ಭಾಷಾಂತರಗಳ ಮೂಲಕ ನೆಲೆಗೊಂಡ ಪದ ‘ದೀಕ್ಷಾಸ್ನಾನ’. ಕಥೋಲಿಕ ಬಳಕೆಯಲ್ಲಿ, ತಮಿಳಿನಲ್ಲಿರುವಂತೆಯೇ, ‘ಜ್ಞಾನಸ್ನಾನ’ ಎಂಬ ಪದವೂ ಬಹುಕಾಲದಿಂದ ಪ್ರಚಲಿತವಾಗಿದೆ. ಎರಡೂ ಸಂಸ್ಕೃತ ಮೂಲದ ಸಮಾಸಗಳು; ಎರಡೂ ಮೂಲಪದದಲ್ಲಿಲ್ಲದ ಅರ್ಥವೊಂದನ್ನು ಸೇರಿಸಿಕೊಂಡಿವೆ. ಗ್ರೀಕಿನ ‘ಬಾಪ್ಟಿಜೊ’ ಎಂಬ ಕ್ರಿಯಾಪದಕ್ಕೆ ಮುಳುಗಿಸು, ಅದ್ದು ಎಂಬುದಷ್ಟೇ ನೇರವಾದ ಅರ್ಥ. ಹೀಬ್ರೂ ಧರ್ಮಗ್ರಂಥದ ಪ್ರಾಚೀನ ಗ್ರೀಕ್ ಅನುವಾದದಲ್ಲಿ, ಕುಷ್ಠರೋಗಿಯಾದ ನಾಮಾನನು ಯೋರ್ದಾನ್ ಹೊಳೆಯಲ್ಲಿ ಏಳು ಸಲ ಮುಳುಗಿದ ಪ್ರಸಂಗದಲ್ಲಿ (2 ಅರಸುಗಳು 5:14) ಹೀಬ್ರೂವಿನ ‘ತಾವಲ್’ ಎಂಬ ಧಾತುವಿಗೆ ಇದೇ ಪದವನ್ನು ಬಳಸಲಾಗಿದೆ. ‘ದೀಕ್ಷೆ’ ಎಂಬ ಪದವಾದರೋ ಕನ್ನಡದ ಓದುಗನನ್ನು ಗುರುವಿನ ಸನ್ನಿಧಿಗೆ, ಮಂತ್ರೋಪದೇಶಕ್ಕೆ, ವ್ರತಸ್ವೀಕಾರಕ್ಕೆ ಕೊಂಡೊಯ್ಯುತ್ತದೆ. ಜೈನ, ವೀರಶೈವ ಪರಂಪರೆಗಳಲ್ಲಿ ಶತಮಾನಗಳಿಂದ ಅರ್ಥಭಾರ ಪಡೆದ ಪದವಿದು.

ಹೊಸ ಒಡಂಬಡಿಕೆಯ ಕೆಲವು ಮುಖ್ಯ ವಾಕ್ಯಗಳು ಈ ಸ್ನಾನವನ್ನು ಬೇರೊಂದು ದಿಕ್ಕಿನಿಂದ ನೋಡುತ್ತವೆ. ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ (25–27) ಕ್ರಿಸ್ತನು ಸಭೆಯನ್ನು ಪ್ರೀತಿಸಿ, ಅದಕ್ಕಾಗಿ ತನ್ನನ್ನೇ ಒಪ್ಪಿಸಿಕೊಟ್ಟು, ನೀರಿನ ಸ್ನಾನದಿಂದ ಅದನ್ನು ಶುದ್ಧಿಗೊಳಿಸಿ, ಕಳಂಕವಿಲ್ಲದ ವಧುವನ್ನಾಗಿ ತನ್ನೆದುರಿಗೆ ನಿಲ್ಲಿಸಿಕೊಳ್ಳುವ ಚಿತ್ರವಿದೆ. ಇಲ್ಲಿ ಗುರುವಿಲ್ಲ, ಶಿಷ್ಯನಿಲ್ಲ. ಇರುವವರು ವರ ಮತ್ತು ವಧು. ಈ ಸ್ನಾನವನ್ನು ಪ್ರಾಚೀನ ಯೆಹೂದ್ಯ ವಿವಾಹ ಪದ್ಧತಿಯ ಹಿನ್ನೆಲೆಯಲ್ಲಿ ಅರ್ಥೈಸುವ ಯತ್ನಗಳು ಬಹಳ ನಡೆದಿವೆ. ಜನಪ್ರಿಯ ಪ್ರವಚನಗಳಲ್ಲಿ ಅದು ಒಂದು ಸಿದ್ಧಸೂತ್ರವೇ ಆಗಿದೆ: ವಧು ಮೊದಲು ಮಿಂದಳು, ವರನು ತೆರ ಕೊಟ್ಟನು, ದ್ರಾಕ್ಷಾರಸದ ಬಟ್ಟಲಿನಿಂದ ನಿಶ್ಚಯವಾಯಿತು, ಅವನು ತಂದೆಯ ಮನೆಗೆ ಹೋಗಿ ಕೋಣೆ ಕಟ್ಟಿದನು, ಹಠಾತ್ತನೆ ಮರಳಿ ಬಂದನು, ಇದರ ಒಂದೊಂದು ಹಂತಕ್ಕೂ ಕ್ರೈಸ್ತ ನಂಬಿಕೆಯ ಒಂದೊಂದು ಅಂಶ ಸರಿಹೊಂದುತ್ತದೆ ಎಂಬುದು ಆ ಸೂತ್ರ. ಅದರಲ್ಲಿ ಆಕರಗಳ ಬೆಂಬಲವಿರುವುದು ಎಷ್ಟು, ಕಲ್ಪನೆ ಎಷ್ಟು ಎಂಬುದನ್ನು ಬೇರ್ಪಡಿಸದೆ ಮುಂದುವರಿಯುವಂತಿಲ್ಲ. ವಿಧಿಯೊಂದರ ಅರ್ಥವನ್ನು ಮತ್ತೊಂದು ಸಮುದಾಯದ ಆಚರಣೆಯಿಂದ ಬಿಡಿಸಹೊರಟಾಗ ಆ ಸಮುದಾಯದ ದಾಖಲೆಗಳಿಗೆ ನ್ಯಾಯ ಸಲ್ಲಿಸುವುದು ಮೊದಲ ಕರ್ತವ್ಯ.

ವಿವಾಹದ ಎರಡು ಹಂತಗಳು

ರಬ್ಬಿಗಳ ಪರಂಪರೆಯಲ್ಲಿ ವಿವಾಹಕ್ಕೆ ಎರಡು ಹಂತಗಳು. ಮೊದಲನೆಯದು ‘ಎರೂಸೀನ್’ ಅಥವಾ ‘ಕಿದ್ದುಷೀನ್’, ಎರಡನೆಯದು ‘ನಿಸ್ಸೂಯೀನ್’. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನಗೊಂಡ ಮಿಶ್ನಾ, ಹಣ, ಪತ್ರ, ದೈಹಿಕ ಸಂಬಂಧ ಎಂಬ ಮೂರು ವಿಧಗಳಿಂದ ಸ್ತ್ರೀಯನ್ನು ‘ಪಡೆದುಕೊಳ್ಳಬಹುದು’ ಎಂದು ವಿಧಿಸುತ್ತದೆ (ಕಿದ್ದುಷೀನ್ 1:1). ಈ ಹಂತ ಮುಗಿದೊಡನೆ ಆಕೆ ಕಾನೂನಿನ ದೃಷ್ಟಿಯಲ್ಲಿ ಪತ್ನಿ. ಸಂಬಂಧವನ್ನು ಕಡಿದುಕೊಳ್ಳಬೇಕಾದರೆ ವಿಚ್ಛೇದನ ಪತ್ರವೇ ಬೇಕು. ಆದರೂ ಆಕೆ ಇರುವುದು ತಂದೆಯ ಮನೆಯಲ್ಲಿ. ವರನು ಮದುವೆಗೆ ಕೇಳಿಕೊಂಡ ದಿನದಿಂದ ಕನ್ಯೆಗೆ ತನ್ನನ್ನು ಸಜ್ಜುಗೊಳಿಸಿಕೊಳ್ಳಲು 12 ತಿಂಗಳು, ವಿಧವೆಗೆ 30 ದಿನಗಳ ಅವಧಿಯಿದೆ (ಕೆತುಬೋತ್ 5:2). ಆ ಅವಧಿ ಮೀರಿಯೂ ಮದುವೆಯಾಗದಿದ್ದರೆ ಆಕೆಯ ಪೋಷಣೆಯ ಹೊಣೆ ವರನ ಮೇಲೆಯೇ ಬೀಳುತ್ತದೆ. ಆಮೇಲೆ ನಡೆಯುವ ನಿಸ್ಸೂಯೀನ್‌ನಲ್ಲಿ ವಧುವನ್ನು ಮೆರವಣಿಗೆಯಲ್ಲಿ ವರನ ಮನೆಗೆ ಕರೆತರಲಾಗುತ್ತದೆ. ಈ ಎರಡು ಹಂತಗಳನ್ನು ಒಂದೇ ಸಮಾರಂಭದಲ್ಲಿ ಜೋಡಿಸುವ ಇಂದಿನ ಯೆಹೂದ್ಯ ಪದ್ಧತಿ ಮಧ್ಯಯುಗದಲ್ಲಿ ರೂಪುಗೊಂಡಿತು.

ಈ ವ್ಯವಸ್ಥೆಯ ಬೇರುಗಳು ಹಳೆಯವು. ನಿಶ್ಚಿತಳಾದ ಕನ್ಯೆಯನ್ನು ಧರ್ಮೋಪದೇಶಕಾಂಡ ‘ನೆರೆಯವನ ಹೆಂಡತಿ’ ಎಂದೇ ಪರಿಗಣಿಸುತ್ತದೆ (22:23–24). ನಿಶ್ಚಯ ಮಾಡಿಕೊಂಡು ಇನ್ನೂ ಮದುವೆಯಾಗದವನಿಗೆ ಯುದ್ಧದಿಂದ ವಿನಾಯಿತಿ ಕೊಡುತ್ತದೆ (20:7). ವಧುವಿಗಾಗಿ ತೆರುವ ‘ಮೋಹರ್’ ಆದಿಕಾಂಡದಲ್ಲಿಯೂ (34:12) ವಿಮೋಚನಕಾಂಡದಲ್ಲಿಯೂ (22:16–17) ಬರುತ್ತದೆ. ನಮ್ಮ ಗ್ರಾಮೀಣ ಬಳಕೆಯ ‘ತೆರ’ ಎಂಬ ಪದ ಇದಕ್ಕೆ ಸಾಕಷ್ಟು ಹತ್ತಿರದ್ದು. ‘ಕನ್ಯಾಶುಲ್ಕ’ಕ್ಕಿಂತ ಅದೇ ಸಹಜ.

ಆದರೆ ಮಿಶ್ನಾ ವಿವರಿಸುವ ಎರಡು ಹಂತಗಳ ಕ್ರಮವೇ ಯೇಸುವಿನ ಕಾಲದ ಎಲ್ಲ ಯೆಹೂದ್ಯರ ನಡೆಯಾಗಿತ್ತು ಎಂದು ಹೇಳಲಾಗದು. ಈಜಿಪ್ಟಿನ ಎಲೆಫಂಟೈನ್ ದ್ವೀಪದಲ್ಲಿ ದೊರೆತ ಕ್ರಿ.ಪೂ. 5ನೆಯ ಶತಮಾನದ ಅರಾಮಿಕ್ ವಿವಾಹಪತ್ರಗಳಾಗಲಿ, ಮೃತಸಮುದ್ರದ ಪಶ್ಚಿಮದ ಗುಹೆಯೊಂದರಲ್ಲಿ ಯಿಗಾಯೆಲ್ ಯಾದಿನ್ 1961ರಲ್ಲಿ ಶೋಧಿಸಿದ ಬಾಬಥಾ ಎಂಬ ಮಹಿಳೆಯ ದಾಖಲೆಗಳಾಗಲಿ ನೇರವಾಗಿ ವಿವಾಹವನ್ನೂ ಆಸ್ತಿಯ ಹಕ್ಕುಗಳನ್ನೂ ಕುರಿತು ಮಾತನಾಡುತ್ತವೆ. ನಿಶ್ಚಯದ ಪ್ರತ್ಯೇಕ ಹಂತ ಅವುಗಳಲ್ಲಿ ಎದ್ದುಕಾಣುವುದಿಲ್ಲ. ಪ್ರಾಚೀನ ಯೆಹೂದ್ಯ ವಿವಾಹವನ್ನು ಕುರಿತು 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮೈಕೆಲ್ ಸ್ಯಾಟ್ಲೋ ಈ ಕಾರಣದಿಂದಲೇ ಎಚ್ಚರಿಕೆಯ ಮಾತನ್ನಾಡಿದ್ದಾರೆ. ಇಷ್ಟಾದರೂ ಮತ್ತಾಯನ ಸುವಾರ್ತೆಯ ಒಂದು ಪ್ರಸಂಗ ಗಟ್ಟಿಯಾದ ಸಾಕ್ಷ್ಯವಾಗಿ ಉಳಿಯುತ್ತದೆ. ಮರಿಯಳು ಇನ್ನೂ ಯೋಸೇಫನ ಮನೆ ಸೇರಿಲ್ಲ. ಆದರೂ ಆತನನ್ನು ಆಕೆಯ ಗಂಡನೆಂದು ಕರೆಯಲಾಗಿದೆ, ಗುಟ್ಟಾಗಿ ಆಕೆಯನ್ನು ಬಿಟ್ಟುಬಿಡಲು ಆತ ಯೋಚಿಸುತ್ತಾನೆ (1:18–19). ಮೊದಲ ಶತಮಾನದ ಅಂತ್ಯಭಾಗದ ಈ ಲೇಖಕನಿಗೂ ಅವನ ಓದುಗರಿಗೂ ಎರೂಸೀನ್ ಅಪರಿಚಿತವಾಗಿದ್ದರೆ ಈ ಕಥನವನ್ನು ವಿವರಣೆಯಿಲ್ಲದೆ ಹೇಳುವುದು ಸಾಧ್ಯವಿರಲಿಲ್ಲ.

ಜನಪ್ರಿಯ ಸೂತ್ರದ ಇತರ ಅಂಶಗಳ ಸ್ಥಿತಿ ಇಷ್ಟು ಭದ್ರವಲ್ಲ. ದ್ರಾಕ್ಷಾರಸದ ಬಟ್ಟಲು ಮಿಶ್ನಾದಲ್ಲಿ ಬರುವುದೇನೋ ನಿಜ (ಕಿದ್ದುಷೀನ್ 2:2); ಆದರೆ ಅಲ್ಲಿ ಅದು ಹಣದ ಬದಲಿಗೆ ಕೊಡುವ ಬೆಲೆಯುಳ್ಳ ವಸ್ತು. ದ್ರಾಕ್ಷಾರಸವೆಂದು ಕೊಟ್ಟದ್ದು ಜೇನಾಗಿದ್ದರೆ ನಿಶ್ಚಯ ಊರ್ಜಿತವೋ ಅಲ್ಲವೋ ಎಂಬ ವ್ಯವಹಾರದ ಪ್ರಶ್ನೆ ಅಲ್ಲಿಯದು. ಜೊತೆಯಾಗಿ ಕುಡಿಯುವ ವಿಧಿಯಾಗಿ ಬಟ್ಟಲು ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ವರನು ತಂದೆಯ ಮನೆಯಲ್ಲಿ ಕೋಣೆ ಕಟ್ಟಿ, ತಂದೆ ಅನುಮತಿಸಿದ ದಿನ ಮಾತ್ರ ಹಿಂದಿರುಗುವ ಕಥೆ ಯೋಹಾನನ ಸುವಾರ್ತೆಯ 14ನೆಯ ಅಧ್ಯಾಯವನ್ನು ಹಿಂದಕ್ಕೆ ಓದಿ ಹೆಣೆದದ್ದೆಂದು ತೋರುತ್ತದೆ. ಪದ್ಧತಿಯಿಂದ ವಾಕ್ಯವನ್ನು ವಿವರಿಸುವ ಬದಲು ವಾಕ್ಯದಿಂದಲೇ ಪದ್ಧತಿಯನ್ನು ಸೃಷ್ಟಿಸಿಕೊಂಡಿರುವ ಉದಾಹರಣೆ ಇದು.

ನೀರಿನ ಪ್ರಶ್ನೆ

ಎರಡನೆಯ ದೇವಾಲಯದ ಕಾಲದ ಯೆಹೂದ್ಯ ನೆಲದಲ್ಲಿ ಸ್ನಾನದ ಕೊಳಗಳಿಗೆ ಬರವಿರಲಿಲ್ಲ. ಜೆರುಸಲೇಮಿನ ದೇವಾಲಯದ ದಕ್ಷಿಣದ ಗೋಡೆಯ ಬಳಿ, ಮಸಾದಾ ಕೋಟೆಯಲ್ಲಿ, ಕುಮ್ರಾನ್‌ನಲ್ಲಿ, ಹಳ್ಳಿಗಳ ಮನೆಗಳಡಿಯಲ್ಲಿ ಬಂಡೆ ಕೊರೆದು ಮೆಟ್ಟಿಲು ಕಟ್ಟಿದ ನೂರಾರು ಕೊಳಗಳು ಉತ್ಖನನದಲ್ಲಿ ಬೆಳಕಿಗೆ ಬಂದಿವೆ. ಇವೇ ‘ಮಿಕ್ವಾ’ಗಳು. ಮಳೆಯಿಂದಲೋ ಒರತೆಯಿಂದಲೋ ತಾನಾಗಿ ಸೇರಿದ ನೀರು ಅದಕ್ಕೆ ಬೇಕು. ಕೊಡದಲ್ಲಿ ಹೊತ್ತು ತುಂಬಿಸಿದ ನೀರು ಸಲ್ಲದು. ಕನಿಷ್ಠ ಪ್ರಮಾಣ 40 ‘ಸೆಆ’ ಎಂದು ಮಿಶ್ನಾ ನಿಗದಿ ಮಾಡುತ್ತದೆ. ಕಾನಾ ಊರಿನ ಮದುವೆಯಲ್ಲಿ ಶುದ್ಧೀಕರಣಕ್ಕೆಂದು ಇಟ್ಟಿದ್ದ ಆರು ಕಲ್ಲಿನ ಬಾನೆಗಳು (ಯೋಹಾನ 2:6) ಇದೇ ಶುದ್ಧಾಚಾರದ ಜಗತ್ತಿಗೆ ಸೇರಿದವು. ಮಣ್ಣಿನ ಪಾತ್ರೆಗೆ ಅಂಟುವ ಮೈಲಿಗೆ ಕಲ್ಲಿನ ಪಾತ್ರೆಗೆ ಅಂಟದು ಎಂಬ ನಂಬಿಕೆಯಿಂದ ಅವು ಬಳಕೆಗೆ ಬಂದವು.

ವಧು ಮದುವೆಗೆ ಮುನ್ನ ಮಿಕ್ವಾದಲ್ಲಿ ಮೀಯುವ ಪದ್ಧತಿ ಯೆಹೂದ್ಯರಲ್ಲಿ ಇಂದಿಗೂ ಇದೆ. ಅದು ಮುಟ್ಟಿನ ಅಶೌಚಕ್ಕೆ ಸಂಬಂಧಿಸಿದ ನಿಯಮದ ವಿಸ್ತರಣೆ. ವಿವಾಹಕ್ಕೆ ಒಪ್ಪಿದ ಹೆಣ್ಣು ಏಳು ಶುದ್ಧದಿನಗಳನ್ನು ಎಣಿಸಬೇಕೆಂಬ ಸ್ಪಷ್ಟ ವಿಧಿ ಬಾಬಿಲೋನಿನ ತಾಲ್ಮುದ್‌ನಲ್ಲಿ (ನಿದ್ದಾ 66ಎ) ದೊರೆಯುತ್ತದೆ. ಹೇಳಿದ ರಬ್ಬಿ 4ನೆಯ ಶತಮಾನದವನು. ಈ ಸ್ನಾನವನ್ನು ನೇರವಾಗಿ ಕ್ರೈಸ್ತ ದೀಕ್ಷಾಸ್ನಾನದ ಮೂಲವೆಂದು ಹಿಡಿಯುವುದಕ್ಕೆ ಕಾಲದ ತೊಡಕಲ್ಲದೆ ಇನ್ನೂ ಮೂರು ತೊಡಕುಗಳಿವೆ. ಮಿಕ್ವಾದಲ್ಲಿ ವ್ಯಕ್ತಿ ತಾನೇ ಮುಳುಗುತ್ತಾನೆ. ದೀಕ್ಷಾಸ್ನಾನದಲ್ಲಿ ಮತ್ತೊಬ್ಬರ ಕೈಯಿಂದ ಮುಳುಗಿಸಲ್ಪಡುತ್ತಾನೆ. ಸ್ನಾನಿಕನೆಂಬ ಹೆಸರು ಯೋಹಾನನಿಗೆ ಬಂದದ್ದೇ ಈ ಹೊಸತನದಿಂದ. ಮಿಕ್ವಾದ ಸ್ನಾನ ಜೀವನದುದ್ದಕ್ಕೂ ಮರಳಿ ಮರಳಿ ನಡೆಯುವಂಥದು; ದೀಕ್ಷಾಸ್ನಾನ ಒಮ್ಮೆ ಮಾತ್ರ. ಮೂರನೆಯದಾಗಿ, ವಧುವಿನ ಸ್ನಾನ ನಡೆಯುವುದು ನಿಸ್ಸೂಯೀನ್‌ಗೆ ಮುನ್ನ, ಅಂದರೆ ಕಾಯುವಿಕೆ ಮುಗಿದ ಮೇಲೆ; ದೀಕ್ಷಾಸ್ನಾನವಾದರೋ ಕಾಯುವಿಕೆಯ ಆರಂಭ.

ಎಫೆಸ ಯೆಹೂದ್ಯ ನಾಡಲ್ಲ, ಗ್ರೀಕ್ ನಗರ ಎಂಬುದನ್ನೂ ಮರೆಯುವಂತಿಲ್ಲ. ಗ್ರೀಕರಲ್ಲಿ ವಿವಾಹಪೂರ್ವ ಸ್ನಾನ ಅತ್ಯಂತ ಮುಖ್ಯ ವಿಧಿಯಾಗಿತ್ತು. ಅಥೆನ್ಸಿನ ಒಂದು ಚಿಲುಮೆಯ ನೀರನ್ನು ಮದುವೆಗೆ ಮುಂಚಿನ ವಿಧಿಗಳಿಗೆ ಬಳಸುತ್ತಿದ್ದುದನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ. ಆ ನೀರನ್ನು ತರುವ ಎತ್ತರದ ಕೊರಳಿನ ಪಾತ್ರೆಗೆ ‘ಲೂಟ್ರೊಫೊರೊಸ್’ ಎಂಬ ಪ್ರತ್ಯೇಕ ಹೆಸರೇ ಇತ್ತು. ಎಫೆಸದ ಪತ್ರದಲ್ಲಿ ಸ್ನಾನಕ್ಕೆ ಬಳಕೆಯಾಗಿರುವ ಪದ ‘ಲೂಟ್ರೊನ್’. ಈ ಪತ್ರವನ್ನು ಪೌಲನೇ ಬರೆದನೋ ಅವನ ಶಿಷ್ಯಪರಂಪರೆಯೋ ಎಂಬ ಚರ್ಚೆ ಹೇಗೇ ಇರಲಿ, ಅದನ್ನು ಕೇಳಿದ ಗ್ರೀಕರಿಗೆ ತಮ್ಮ ಮನೆಯ ಮದುವೆಯೇ ನೆನಪಾಗಿರಬೇಕು. ಹೆಣ್ಣಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಬಹುತೇಕ ಎಲ್ಲ ಸಮಾಜಗಳ ಮದುವೆಯಲ್ಲಿರುವ ಸಂಗತಿ. ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರ ‘ರೋಸ್’ ಶಾಸ್ತ್ರದಲ್ಲಿಯೂ ತೆಂಗಿನ ಹಾಲಿನ ಸ್ನಾನವಿದೆ. ಅದಕ್ಕೂ ದೀಕ್ಷಾಸ್ನಾನಕ್ಕೂ ಸಂಬಂಧ ಕಲ್ಪಿಸುವವರಿಲ್ಲ. ಹೋಲಿಕೆ ಇದ್ದಲ್ಲೆಲ್ಲ ಮೂಲ ಇರುವುದಿಲ್ಲ.

ಹಾಗಾದರೆ ಎಫೆಸ ಪತ್ರದ ಚಿತ್ರಕ್ಕೆ ಯೆಹೂದ್ಯ ನೆಲೆಯೇ ಇಲ್ಲವೆ? ಇದೆ, ಅದು ಇರುವುದು ಸ್ನಾನದ ಕೊಳದಲ್ಲಲ್ಲ, ಪ್ರವಾದಿಯ ಗ್ರಂಥದಲ್ಲಿ. ಯೆಹೆಜ್ಕೇಲನ 16ನೆಯ ಅಧ್ಯಾಯದಲ್ಲಿ ಜೆರುಸಲೇಮನ್ನು ಬಯಲಿನಲ್ಲಿ ಎಸೆದುಹೋದ ಹೆಣ್ಣುಶಿಶುವಾಗಿ ಚಿತ್ರಿಸಲಾಗಿದೆ. ಆಕೆ ಬೆಳೆದು ಪ್ರಾಯಕ್ಕೆ ಬಂದಾಗ ದೇವರು ತನ್ನ ವಸ್ತ್ರದ ಸೆರಗನ್ನು ಆಕೆಯ ಮೇಲೆ ಹೊದಿಸಿ, ಪ್ರಮಾಣ ಮಾಡಿ, ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ನೀರಿನಿಂದ ತೊಳೆಯುತ್ತಾನೆ, ಎಣ್ಣೆ ಹಚ್ಚುತ್ತಾನೆ, ಕಸೂತಿಯ ಉಡುಪು ತೊಡಿಸುತ್ತಾನೆ, ತಲೆಗೆ ಕಿರೀಟವಿಡುತ್ತಾನೆ (16:8–12). ಸೆರಗು ಹೊದಿಸುವುದು ವಿವಾಹದ ಸಂಕೇತವೆಂಬುದು ರೂತಳ ಕಥೆಯಿಂದಲೂ ಸ್ಪಷ್ಟ; ಬೋವಜನಲ್ಲಿಗೆ ಹೋಗುವ ಮುನ್ನ ಆಕೆಯೂ ಮಿಂದು, ತೈಲ ಹಚ್ಚಿಕೊಂಡು, ಉಡುಪು ಧರಿಸುತ್ತಾಳೆ (ರೂತಳು 3:3, 9). ಯೆಹೆಜ್ಕೇಲನಲ್ಲಿ ವರನೇ ವಧುವನ್ನು ಮೀಯಿಸುತ್ತಾನೆ. ಯಾವ ಲೋಕರೂಢಿಯ ಮದುವೆಯಲ್ಲೂ ಇಲ್ಲದ ಈ ವಿಲಕ್ಷಣ ವಿವರ ಎಫೆಸದ ಪತ್ರದಲ್ಲಿ ಹಾಗೆಯೇ ಮರಳಿ ಬಂದಿದೆ. ಗ್ರೀಕ್ ಪದ್ಧತಿಯಿಂದಾಗಲಿ ಮಿಕ್ವಾದಿಂದಾಗಲಿ ವಿವರಿಸಲಾಗದ ಅಂಶ ಇದೊಂದೇ. ಆದ್ದರಿಂದಲೇ ಇದು ನಿರ್ಣಾಯಕ.

ಆದರೆ ಯೆಹೆಜ್ಕೇಲನ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ದ್ರೋಹವೆಸಗಿದ ಆ ಪತ್ನಿಯನ್ನು ಬಯಲಿನಲ್ಲಿ ಬತ್ತಲೆಗೊಳಿಸಿ ಕಲ್ಲೆಸೆದು ಶಿಕ್ಷಿಸುವ ಕ್ರೂರ ಚಿತ್ರ ಮುಂದೆ ಬರುತ್ತದೆ. ಸ್ತ್ರೀವಾದಿ ಬೈಬಲ್ ಅಧ್ಯಯನಕಾರರು ಈ ಭಾಗವನ್ನು ಕಟುವಾಗಿ ಪ್ರಶ್ನಿಸಿರುವುದು ಸಕಾರಣವಾಗಿದೆ. ಎಫೆಸ ಪತ್ರದ ಲೇಖಕ ಸ್ನಾನ ಮತ್ತು ಅಲಂಕಾರಗಳನ್ನು ಉಳಿಸಿಕೊಂಡು ಶಿಕ್ಷೆಯನ್ನು ಕೈಬಿಟ್ಟಿದ್ದಾನೆ. ಒಪ್ಪಿಸಲ್ಪಡುವ ದೇಹ ಅಲ್ಲಿ ವಧುವಿನದಲ್ಲ, ವರನದು. ಈ ತಿರುವನ್ನು ಗುರುತಿಸದೆ ರೂಪಕವನ್ನು ಹೊಗಳುವ ಬರಹಗಳು ಅರ್ಧ ಮಾತ್ರ ಓದಿದಂತೆ. ಹಾಗೆಯೇ, ಪತಿಯ ಅಧಿಕಾರವನ್ನು ಇದೇ ಪತ್ರ ಎತ್ತಿಹಿಡಿಯುತ್ತದೆಂಬುದನ್ನು ಮರೆಮಾಚುವ ಅಗತ್ಯವೂ ಇಲ್ಲ.

ಮದಲಿಂಗನ ಗೆಳೆಯ

ಸುವಾರ್ತೆಗಳಲ್ಲಿ ವಿವಾಹವೂ ಸ್ನಾನವೂ ಒಂದೇ ಸನ್ನಿವೇಶದಲ್ಲಿ ಕೂಡುವುದು ಯೋಹಾನನ 3ನೆಯ ಅಧ್ಯಾಯದಲ್ಲಿ. ಸಲೀಮಿನ ಹತ್ತಿರ, ನೀರು ಬಹಳವಿದ್ದ ಐನೋನ್ ಎಂಬಲ್ಲಿ ಸ್ನಾನಿಕನಾದ ಯೋಹಾನನು ಸ್ನಾನ ಮಾಡಿಸುತ್ತಿದ್ದಾನೆ. ಶುದ್ಧಾಚಾರವನ್ನು ಕುರಿತು ಅವನ ಶಿಷ್ಯರಿಗೂ ಒಬ್ಬ ಯೆಹೂದ್ಯನಿಗೂ ವಾದ ಹುಟ್ಟುತ್ತದೆ. ಎಲ್ಲರೂ ಯೇಸುವಿನ ಕಡೆಗೆ ಹೋಗುತ್ತಿದ್ದಾರೆಂದು ಶಿಷ್ಯರು ದೂರುತ್ತಾರೆ. ಯೋಹಾನನ ಉತ್ತರ ಸ್ನಾನದ ಮಾತನ್ನು ಬಿಟ್ಟು ಮದುವೆಯ ಮಾತಿಗೆ ತಿರುಗುತ್ತದೆ: ಮದಲಗಿತ್ತಿ ಯಾರಿಗೆ ಸೇರಿದವಳೋ ಅವನೇ ಮದಲಿಂಗ, ತಾನು ಹತ್ತಿರ ನಿಂತು ಅವನ ಧ್ವನಿ ಕೇಳಿ ಸಂತೋಷಪಡುವ ಗೆಳೆಯ ಎಂಬುದು ಅದರ ಭಾವ (3:22–29). ಗೆಳೆಯನೆಂದರೆ ಇಲ್ಲಿ ‘ಶುಷ್ಬೀನ್’, ಮದುವೆಯ ಏರ್ಪಾಟುಗಳ ಹೊಣೆ ಹೊತ್ತು ವರನ ಜೊತೆಗಿರುವ ವ್ಯಕ್ತಿ. ಆತ ವರನಿಗೆ ಎಷ್ಟು ಆಪ್ತನೆಂದರೆ ನ್ಯಾಯಾಲಯದಲ್ಲಿ ಆತನ ಸಾಕ್ಷ್ಯ ಸಲ್ಲುವುದಿಲ್ಲವೆಂಬ ಅಭಿಪ್ರಾಯ ಮಿಶ್ನಾದಲ್ಲಿದೆ (ಸನ್ಹೆದ್ರೀನ್ 3:5). ಮದಲಿಂಗನ ಧ್ವನಿಯಂತೂ ಯೆರೆಮೀಯನಲ್ಲಿ ನಾಡಿನ ಸುಖದ ಕುರುಹಾಗಿ ಮತ್ತೆ ಮತ್ತೆ ಬರುತ್ತದೆ. ಸ್ನಾನ ಮಾಡಿಸುವವನ ಕೆಲಸವೇನೆಂಬ ಪ್ರಶ್ನೆಗೆ ದೊರೆಯುವ ಉತ್ತರ ಹೀಗೆ: ಆತ ಮದಲಗಿತ್ತಿಯನ್ನು ಸಿದ್ಧಗೊಳಿಸಿ ಪಕ್ಕಕ್ಕೆ ಸರಿಯುವವನು.

ಪೌಲನೂ ತನ್ನನ್ನು ಇದೇ ಸ್ಥಾನದಲ್ಲಿಟ್ಟುಕೊಳ್ಳುತ್ತಾನೆ. ಕೊರಿಂಥದ ಸಭೆಯನ್ನು ಒಬ್ಬನೇ ಪುರುಷನಿಗೆ ನಿಶ್ಚಯಮಾಡಿ, ಶುದ್ಧ ಕನ್ಯೆಯಾಗಿ ಒಪ್ಪಿಸಬೇಕೆಂದಿರುವುದಾಗಿ ಅವನು ಬರೆಯುತ್ತಾನೆ (2 ಕೊರಿಂಥ 11:2). ನಿಶ್ಚಯ ಆಗಿಹೋಗಿದೆ, ಒಪ್ಪಿಸುವುದು ಮುಂದೆ ಇದೆ. ಎರಡರ ನಡುವೆ ವಂಚನೆಯ ಭಯವಿದೆ. ಎರಡು ಹಂತಗಳ ವಿವಾಹವನ್ನು ಬಲ್ಲವನಿಗಷ್ಟೇ ಈ ವಾಕ್ಯದ ಕಾಲವಿನ್ಯಾಸ ಅರ್ಥವಾಗುತ್ತದೆ. ಮೊದಲ ಪತ್ರದ 6ನೆಯ ಅಧ್ಯಾಯದಲ್ಲಿ ಕೊರಿಂಥದವರು ತೊಳೆಯಲ್ಪಟ್ಟವರು, ಪ್ರತ್ಯೇಕಿಸಲ್ಪಟ್ಟವರು ಎಂಬ ಮಾತು (6:11), ಇಬ್ಬರೂ ಒಂದೇ ಶರೀರವೆಂಬ ಆದಿಕಾಂಡದ ವಿವಾಹಸೂತ್ರ (6:16), ಬೆಲೆ ಕೊಟ್ಟು ಕೊಳ್ಳಲ್ಪಟ್ಟವರೆಂಬ ಮಾತು (6:20) ಹತ್ತು ವಾಕ್ಯಗಳ ಅಂತರದಲ್ಲಿ ಬರುತ್ತವೆ. ‘ಬೆಲೆ’ಯನ್ನು ಗುಲಾಮರ ಸಂತೆಯ ಹಿನ್ನೆಲೆಯಲ್ಲಿ ಓದುವ ವಿದ್ವಾಂಸರೇ ಹೆಚ್ಚು, ಮತ್ತು ಆ ಓದನ್ನು ತಳ್ಳಿಹಾಕಲಾಗದು. ಆದರೆ ಸ್ನಾನ, ಏಕಶರೀರ, ಬೆಲೆ ಮೂರೂ ಒಟ್ಟಿಗೆ ಇರುವಲ್ಲಿ ಮೋಹರ್‌ನ ಧ್ವನಿಯೂ ಕೇಳಿಸುವುದು ಅಸಹಜವಲ್ಲ.

‘ಕಿದ್ದುಷೀನ್’ ಎಂಬ ಪದದ ಧಾತುವಿನ ಅರ್ಥ ಪವಿತ್ರಗೊಳಿಸು, ಮೀಸಲಿಡು. ದೇವಾಲಯಕ್ಕೆ ಮುಡಿಪಿಟ್ಟ ವಸ್ತು ಇತರರಿಗೆ ನಿಷಿದ್ಧವಾಗುವಂತೆ ವಧು ಉಳಿದೆಲ್ಲರಿಗೂ ನಿಷಿದ್ಧಳಾಗುತ್ತಾಳೆಂದು ತಾಲ್ಮುದ್ (ಕಿದ್ದುಷೀನ್ 2ಬಿ) ಅದನ್ನು ವಿವರಿಸುತ್ತದೆ. ಎಫೆಸ ಪತ್ರದಲ್ಲಿ ಸ್ನಾನದ ಜೊತೆಗೇ ಬರುವ ಕ್ರಿಯಾಪದವೂ ‘ಪವಿತ್ರಗೊಳಿಸು’ ಎಂಬುದೇ. ಆ ಪತ್ರದ ಕಾಲದಲ್ಲಿ ಈ ಹೀಬ್ರೂ ಪದ ವಿವಾಹದ ಪಾರಿಭಾಷಿಕವಾಗಿ ನೆಲೆಗೊಂಡಿತ್ತೆಂಬುದಕ್ಕೆ ಸ್ವತಂತ್ರ ಆಧಾರ ಬೇಕಾಗುತ್ತದೆ. ಆದ್ದರಿಂದ ಇದನ್ನು ಸಾಧ್ಯತೆಯೆಂದು ಮಾತ್ರ ಗಣಿಸುವುದು ಸೂಕ್ತ.

ಸೀನಾಯ್ ಬೆಟ್ಟದ ಮದುವೆ

ಸ್ನಾನಕ್ಕೂ ವಿವಾಹಕ್ಕೂ ಯೆಹೂದ್ಯ ಪರಂಪರೆಯೊಳಗೇ ಬೆಸುಗೆ ಬಿದ್ದಿರುವ ಸ್ಥಳ ಇನ್ನೊಂದಿದೆ. ವಿಮೋಚನಕಾಂಡದ 19ನೆಯ ಅಧ್ಯಾಯದಲ್ಲಿ ಇಸ್ರಾಯೇಲರು ಸೀನಾಯ್ ಬೆಟ್ಟದ ಬುಡದಲ್ಲಿ ನಿಲ್ಲುವ ಮೊದಲು ಬಟ್ಟೆಗಳನ್ನು ಒಗೆದುಕೊಂಡು ಶುದ್ಧರಾಗಬೇಕೆಂಬ ಅಪ್ಪಣೆಯಿದೆ (19:10, 14). ಇದನ್ನು ಆಧಾರವಾಗಿಟ್ಟುಕೊಂಡು, ಅಂದು ಇಡೀ ಜನಾಂಗ ನೀರಿನಲ್ಲಿ ಮುಳುಗಿ ಒಡಂಬಡಿಕೆಯನ್ನು ಪ್ರವೇಶಿಸಿತೆಂದು ರಬ್ಬಿಗಳು ವ್ಯಾಖ್ಯಾನಿಸಿದರು. ಯೆಹೂದ್ಯ ಧರ್ಮಕ್ಕೆ ಹೊಸದಾಗಿ ಸೇರುವವರಿಗೂ ಆದ್ದರಿಂದಲೇ ಸ್ನಾನ ವಿಧಿಸಲಾಯಿತೆಂದು ವಾದಿಸಿದರು (ಕೆರೀತೋತ್ 9ಎ, ಯೆವಾಮೋತ್ 46–47). ಅದೇ ಅಧ್ಯಾಯದಲ್ಲಿ ಮೋಶೆ ಜನರನ್ನು ದೇವರ ದರ್ಶನಕ್ಕೆಂದು ಪಾಳೆಯದ ಹೊರಕ್ಕೆ ಕರೆತರುವ ವಾಕ್ಯಕ್ಕೆ (19:17) ‘ಮೆಖಿಲ್ತಾ’ ಎಂಬ ಪ್ರಾಚೀನ ವ್ಯಾಖ್ಯಾನ, ವರನು ವಧುವನ್ನು ಎದುರುಗೊಳ್ಳಲು ಹೊರಟಂತೆ ದೇವರು ಸೀನಾಯಿಯಿಂದ ಹೊರಟನು ಎಂಬ ಅರ್ಥ ಹೇಳುತ್ತದೆ. ಒಂದೇ ಘಟನೆ ಸಾಮೂಹಿಕ ಸ್ನಾನವೂ ಹೌದು, ಮದುವೆಯೂ ಹೌದು.

ಪೌಲನೂ ಇಸ್ರಾಯೇಲರು ಮೇಘದಲ್ಲಿಯೂ ಸಮುದ್ರದಲ್ಲಿಯೂ ಸ್ನಾನ ಹೊಂದಿದರೆಂದು ಬರೆದಿರುವುದನ್ನು (1 ಕೊರಿಂಥ 10:2) ಇದರೊಡನೆ ಇಟ್ಟು ನೋಡಿದರೆ, ಕ್ರೈಸ್ತ ದೀಕ್ಷಾಸ್ನಾನಕ್ಕೆ ವಿವಾಹದ ಅರ್ಥ ಬಂದ ದಾರಿ ತಿಳಿಯುತ್ತದೆ. ಒಬ್ಬ ಹೆಣ್ಣುಮಗಳು ತನ್ನ ಮದುವೆಯ ಹಿಂದಿನ ದಿನ ಮಾಡಿದ ಸ್ನಾನದಿಂದ ಈ ಅರ್ಥ ಬರಲಿಲ್ಲ. ಒಡಂಬಡಿಕೆಯೇ ವಿವಾಹವೆಂಬ ಪ್ರವಾದಿಗಳ ಕಲ್ಪನೆಯಿಂದ ಬಂದಿತು. ಸ್ನಾನ ಒಮ್ಮೆ ಮಾತ್ರ ಏಕೆ ಎಂಬ ಪ್ರಶ್ನೆಗೂ ಇಲ್ಲಿ ಸಮಾಧಾನವಿದೆ. ಶುದ್ಧಿಗಾಗಿ ಮಾಡುವ ಸ್ನಾನವನ್ನು ಮರಳಿ ಮರಳಿ ಮಾಡಬೇಕು. ಒಡಂಬಡಿಕೆಯನ್ನು ಪ್ರವೇಶಿಸುವ ಸ್ನಾನವನ್ನು, ನಿಶ್ಚಯದಂತೆಯೇ, ಮತ್ತೆ ಮಾಡುವಂತಿಲ್ಲ. ಹೋಶೇಯನಲ್ಲಿ ದ್ರೋಹದ ನಂತರವೂ ದೇವರು ಹೊಸದಾಗಿ ನಿಶ್ಚಯಿಸಿಕೊಳ್ಳುವ ಮಾತು ಬರುತ್ತದೆ (2:19–20). ಅದು ಮಾತ್ರ ಈ ನಿಯಮವನ್ನು ಮೀರುವ ಕಾವ್ಯ.

ಪೌಲನ ಮತ್ತೊಂದು ರೂಪಕ ಈ ಓದಿಗೆ ಅಡ್ಡಿಯಾಗಿ ನಿಲ್ಲುತ್ತದೆಂಬುದನ್ನು ಒಪ್ಪಬೇಕು. ರೋಮಾಪುರದವರಿಗೆ ಬರೆದ ಪತ್ರದಲ್ಲಿ (6:3–4) ದೀಕ್ಷಾಸ್ನಾನವೆಂದರೆ ಕ್ರಿಸ್ತನೊಡನೆ ಸತ್ತು ಹೂಳಲ್ಪಡುವುದು. ಸಮಾಧಿಯನ್ನೂ ಹಸೆಮಣೆಯನ್ನೂ ಒಂದು ಮಾಡಲಾಗದು. ಅದೇ ಪತ್ರದ 7ನೆಯ ಅಧ್ಯಾಯದಲ್ಲಿ ಪೌಲನು ಮರಣದಿಂದ ವಿವಾಹಬಂಧನ ಕಳಚಿದ ಸ್ತ್ರೀ ಮತ್ತೊಬ್ಬನವಳಾಗಬಹುದೆಂಬ ದೃಷ್ಟಾಂತ ಕೊಟ್ಟು ಎರಡನ್ನೂ ಜೋಡಿಸಲು ಯತ್ನಿಸುತ್ತಾನೆ (7:1–4). ದೃಷ್ಟಾಂತ ಸ್ವಲ್ಪ ತೊಡರುತ್ತದೆ, ಏಕೆಂದರೆ ಅಲ್ಲಿ ಸಾಯುವವನು ಗಂಡ, ಬಿಡುಗಡೆ ಹೊಂದುವವರು ಸತ್ತವರೆಂದು ಕರೆಸಿಕೊಂಡ ಓದುಗರು. ವಿವಾಹದ ಹಿನ್ನೆಲೆಯೊಂದರಿಂದಲೇ ದೀಕ್ಷಾಸ್ನಾನವನ್ನು ಪೂರ್ತಿಯಾಗಿ ವಿವರಿಸಬಲ್ಲೆವೆನ್ನುವವರು ಈ ಅಧ್ಯಾಯಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಸಿರಿಯಾಕ್ ಕವಿಗಳೂ ದೂರಾ ನಗರದ ಗೋಡೆಯೂ

ರೂಪಕ ವಿಧಿಯಾಗಿ ಬೆಳೆದದ್ದು ಮುಂದಿನ ಶತಮಾನಗಳಲ್ಲಿ. ಅರಾಮಿಕ್‌ನ ಒಂದು ರೂಪವಾದ ಸಿರಿಯಾಕ್ ಭಾಷೆಯ ಕ್ರೈಸ್ತರಲ್ಲಿ ಇದು ವಿಶೇಷ ಸಮೃದ್ಧಿ ಪಡೆಯಿತು. ನಿಸಿಬಿಸ್ ಮತ್ತು ಎಡೆಸ್ಸಾ ನಗರಗಳಲ್ಲಿ ಬಾಳಿದ ಎಫ್ರೇಮನೂ (ಮರಣ 373) ಸೆರೂಗಿನ ಯಾಕೋಬನೂ (ಮರಣ 521) ಯೋರ್ದಾನ್ ಹೊಳೆಯನ್ನು ಕ್ರಿಸ್ತನಿಗೂ ಸಭೆಗೂ ನಿಶ್ಚಯವಾದ ಸ್ಥಳವಾಗಿ ಕಂಡರು. ಆದಾಮನು ಕಳೆದುಕೊಂಡ ಮಹಿಮೆಯ ನಿಲುವಂಗಿಯನ್ನು ಕ್ರಿಸ್ತನು ಹೊಳೆಯ ನೀರಿನಲ್ಲಿ ಇರಿಸಿಹೋದನೆಂದೂ ಸ್ನಾನ ಹೊಂದುವವರು ಅದನ್ನು ಅಲ್ಲಿಂದ ಎತ್ತಿ ತೊಡುತ್ತಾರೆಂದೂ ಅವರ ಪರಂಪರೆ ಕಲ್ಪಿಸಿತು. ಸೆಬಾಸ್ಟಿಯನ್ ಬ್ರಾಕ್ ಅವರ ಅಧ್ಯಯನಗಳು, ವಿಶೇಷವಾಗಿ 1985ರಲ್ಲಿ ಎಫ್ರೇಮನನ್ನು ಕುರಿತು ಪ್ರಕಟಿಸಿದ ಗ್ರಂಥ, ಈ ಪ್ರತಿಮಾಲೋಕವನ್ನು ಪರಿಚಯಿಸಿವೆ. ಸಿರಿಯನ್ ಆರ್ಥೊಡಾಕ್ಸ್ ವಿಧಿಯಲ್ಲಿ ಸ್ನಾನವಾದವರ ತಲೆಗೆ ಕಿರೀಟವಿಡುವ ಕ್ರಮವಿದೆ. ವೆಸ್ಪಾಸಿಯನ್ನನ ಯುದ್ಧಕಾಲದಲ್ಲಿ ಮದುಮಗನ ಕಿರೀಟವನ್ನು ಯೆಹೂದ್ಯರು ಶೋಕದಿಂದ ನಿಷೇಧಿಸಿಕೊಂಡರೆಂದು ಮಿಶ್ನಾ (ಸೋತಾ 9:14) ಹೇಳುವುದನ್ನು ಇದರ ಪಕ್ಕದಲ್ಲಿಟ್ಟರೆ, ಒಂದು ಸಮುದಾಯ ಕಳಚಿಟ್ಟ ಆಭರಣ ಮತ್ತೊಂದು ಸಮುದಾಯದ ವಿಧಿಯಲ್ಲಿ ಬೇರೆ ಅರ್ಥದಿಂದ ಉಳಿದಂತೆ ತೋರುತ್ತದೆ. ನೇರ ಸಂಬಂಧವನ್ನು ಸಾಧಿಸಲಾಗದಿದ್ದರೂ ಈ ಸಾಮೀಪ್ಯ ಗಮನಾರ್ಹ. 19ನೆಯ ಶತಮಾನದ ಕೊನೆಯ ವೇಳೆಗೆ ಉಡುಪಿ ಸೀಮೆಯ ಬ್ರಹ್ಮಾವರದಲ್ಲಿ ನೆಲೆಯೂರಿದ ಆರ್ಥೊಡಾಕ್ಸ್ ಸಮುದಾಯದ ಮೂಲಕ ಸಿರಿಯಾಕ್ ಪರಂಪರೆಯ ಒಂದು ಎಳೆ ಕರ್ನಾಟಕವನ್ನೂ ಮುಟ್ಟಿದೆ.

ಅಂತಿಯೋಕ್ಯದಲ್ಲಿ ಸುಮಾರು 390ರ ಹೊತ್ತಿಗೆ ಯೋಹಾನ ಕ್ರಿಸೊಸ್ಟಮ್ ಸ್ನಾನಾರ್ಥಿಗಳಿಗೆ ನೀಡಿದ ಉಪದೇಶಗಳ ಒಂದು ಸರಣಿಯನ್ನು ಆಂಟ್ವಾನ್ ವೆಂಗರ್ 1955ರಲ್ಲಿ ಆಥೋಸ್ ಪರ್ವತದ ಸ್ಟಾವ್ರೊನಿಕೀಟಾ ಮಠದಲ್ಲಿ ಪತ್ತೆಹಚ್ಚಿದರು. ಅದರ ಮೊದಲ ಉಪದೇಶವೇ ಆಧ್ಯಾತ್ಮಿಕ ವಿವಾಹದ ಮಾತಿನಿಂದ ತೊಡಗುತ್ತದೆ. ಸೈತಾನನನ್ನು ತ್ಯಜಿಸಿ ಕ್ರಿಸ್ತನನ್ನು ಸ್ವೀಕರಿಸುವ ಘೋಷಣೆಯನ್ನು ವಿವಾಹದ ಕರಾರುಪತ್ರಕ್ಕೆ ಹೋಲಿಸಲಾಗಿದೆ. ಕೆಲವೇ ವರ್ಷಗಳ ಹಿಂದೆ, 386–387ರಲ್ಲಿ, ಯೆಹೂದ್ಯರ ಹಬ್ಬಗಳಿಗೆ ಹೋಗುವ ಕ್ರೈಸ್ತರನ್ನು ತಡೆಯಲು ಅತ್ಯಂತ ಕಟುವಾದ ಯೆಹೂದ್ಯವಿರೋಧಿ ಪ್ರಸಂಗಗಳನ್ನು ಮಾಡಿದವನೂ ಇದೇ ಬೋಧಕ. ಹೋಶೇಯ, ಯೆಹೆಜ್ಕೇಲರಿಂದ ಬಂದ ರೂಪಕವನ್ನು ಹೀಗೆ ಅದರ ಒಡೆಯರಿಂದ ಬೇರ್ಪಡಿಸಿ ಬಳಸಿದ ಚರಿತ್ರೆ ಈ ವಿಷಯದ ಯಾವ ಚರ್ಚೆಯಲ್ಲೂ ಬಿಟ್ಟುಹೋಗಬಾರದು.

ಯೂಫ್ರೆಟಿಸ್ ತೀರದ ದೂರಾ ಯೂರೋಪಸ್ ನಗರ 256ರಲ್ಲಿ ಸಸಾನಿಯನ್ನರ ಮುತ್ತಿಗೆಗೆ ಬಲಿಯಾಯಿತು. 1930ರ ದಶಕದ ಆರಂಭದಲ್ಲಿ ಅಲ್ಲಿ ಅಗೆದಾಗ ಸ್ನಾನದ ತೊಟ್ಟಿಯಿದ್ದ ಒಂದು ಕ್ರೈಸ್ತ ಪ್ರಾರ್ಥನಾಮಂದಿರವೂ, ಅದೇ ಗೋಡೆಬೀದಿಯಲ್ಲಿ ಚಿತ್ರಗಳಿಂದ ತುಂಬಿದ ಯೆಹೂದ್ಯರ ಸಭಾಮಂದಿರವೂ ದೊರೆತವು. ಸ್ನಾನದ ಕೋಣೆಯ ಗೋಡೆಯ ಮೇಲೆ ಬಿಳಿಯುಡುಪಿನ ಹೆಂಗಸರು ಕೈಯಲ್ಲಿ ಪಂಜುಗಳನ್ನು ಹಿಡಿದು ದೊಡ್ಡದೊಂದು ಕಟ್ಟಡದತ್ತ ಸಾಗುತ್ತಿದ್ದಾರೆ. ಆ ಕಟ್ಟಡ ಕ್ರಿಸ್ತನ ಸಮಾಧಿ, ಹೆಂಗಸರು ಈಸ್ಟರ್ ಮುಂಜಾನೆ ಬಂದವರು ಎಂಬುದು ಬಹುಕಾಲ ನಡೆದುಬಂದ ವಿವರಣೆ. ಮೈಕೆಲ್ ಪೆಪ್ಪಾರ್ಡ್ 2016ರ ತಮ್ಮ ಗ್ರಂಥದಲ್ಲಿ ಅದು ಮದುವೆಯ ಮೆರವಣಿಗೆ, ಮತ್ತಾಯನ 25ನೆಯ ಅಧ್ಯಾಯದ ಕನ್ಯೆಯರು ಎಂದು ವಾದಿಸಿದ್ದಾರೆ. ಸಮಾಧಿಯೋ ಮದುವೆಮನೆಯೋ ಎಂಬ ಪೌಲನ ಕಾಲದ ಇಕ್ಕಟ್ಟೇ ಆ ಚಿತ್ರದ ವ್ಯಾಖ್ಯಾನದಲ್ಲಿಯೂ ಮುಂದುವರಿದಿದೆ. ಚಿತ್ರದ ತುಣುಕುಗಳು ಈಗ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯದಲ್ಲಿವೆ.

ಕನ್ನಡದ ಪದಗಳು

ಕನ್ನಡದ ಓದುಗರಿಗೆ ಈ ರೂಪಕದೊಡನೆ ‘ಶರಣಸತಿ ಲಿಂಗಪತಿ’ ಭಾವ ತಟ್ಟನೆ ನೆನಪಾಗುವುದು ಸಹಜ. ಹೋಲಿಸುವ ಮುನ್ನ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಶರಣರಲ್ಲಿ ಸತಿ ಒಬ್ಬೊಬ್ಬ ಶರಣನ ಅಂತರಂಗ. ಹೊಸ ಒಡಂಬಡಿಕೆಯಲ್ಲಿ ವಧು ಇಡೀ ಸಮುದಾಯ. ಒಬ್ಬೊಬ್ಬ ಜೀವಾತ್ಮವನ್ನು ವಧುವೆಂದು ಕಾಣುವ ಓದು ಪರಮಗೀತಕ್ಕೆ ವ್ಯಾಖ್ಯಾನ ಬರೆದ 3ನೆಯ ಶತಮಾನದ ಒರಿಜೆನ್‌ನಿಂದ ಬಲಗೊಂಡಿತು. ಪೌಲನಲ್ಲಿ ಅದು ಇಲ್ಲ.

ಮದಲಿಂಗ, ಮದಲಗಿತ್ತಿ ಎಂಬ ಸೊಗಸಾದ ದೇಸಿ ಪದಗಳನ್ನು ಕನ್ನಡ ಬೈಬಲ್ ಉಳಿಸಿಕೊಂಡಿದೆ. ತೊಡಕಿರುವುದು ‘ನಿಶ್ಚಯ’ ಎಂಬ ಪದದಲ್ಲಿ. ಎರೂಸೀನ್‌ಗೆ ಕನ್ನಡದಲ್ಲಿ ಬೇರೆ ಪದವಿಲ್ಲದ ಕಾರಣ ಭಾಷಾಂತರಕಾರರಿಗೆ ಇದು ಅನಿವಾರ್ಯವಾಯಿತು. ನಮ್ಮಲ್ಲಿ ನಿಶ್ಚಿತಾರ್ಥವೆಂದರೆ ವೀಳ್ಯ ಬದಲಾಯಿಸಿಕೊಂಡು ಎರಡು ಮನೆಗಳವರು ಕೊಟ್ಟ ಮಾತು. ಮುರಿದರೆ ಅಪವಾದ ಬರಬಹುದು, ವಿಚ್ಛೇದನ ಬೇಕಿಲ್ಲ. ಆದ್ದರಿಂದ ಯೋಸೇಫನ ಸಂಕಟವನ್ನು ಕನ್ನಡದಲ್ಲಿ ಓದುವವನಿಗೆ, ಇನ್ನೂ ಮದುವೆಯೇ ಆಗದ ಹೆಣ್ಣನ್ನು ಬಿಡುವುದಕ್ಕೆ ಇಷ್ಟೊಂದು ಯೋಚನೆಯೇಕೆ ಎನಿಸುತ್ತದೆ. ಕೊರಿಂಥದವರನ್ನು ಕುರಿತ ಪೌಲನ ಆತಂಕವೂ ಸಡಿಲವಾಗಿ ಕೇಳಿಸುತ್ತದೆ. ದೀಕ್ಷಾಸ್ನಾನ ಹೊಂದಿದವನು ಹೊಸ್ತಿಲ ಹೊರಗೆ ನಿಂತು ಆಯ್ಕೆಗೆ ಕಾಯುತ್ತಿರುವ ಅಭ್ಯರ್ಥಿಯಲ್ಲ, ಆಗಲೇ ಆ ಮನೆಗೆ ಸೇರಿಹೋಗಿ ಇನ್ನೂ ಒಳಗೆ ಕಾಲಿಡದವನು ಎಂಬ ಸೂಕ್ಷ್ಮ ‘ದೀಕ್ಷೆ’ಯಲ್ಲಿಯೂ ಇಲ್ಲ, ‘ನಿಶ್ಚಯ’ದಲ್ಲಿಯೂ ಇಲ್ಲ. ಮತ್ತಾಯನ 1:18ಕ್ಕೂ ಎರಡನೆಯ ಕೊರಿಂಥ 11:2ಕ್ಕೂ ಎರೂಸೀನ್‌ನ ಕಾನೂನನ್ನು ತಿಳಿಸುವ ಒಂದು ಅಡಿಟಿಪ್ಪಣಿ ಹಾಕುವುದು ಕನ್ನಡ ಆವೃತ್ತಿಗಳ ಸಂಪಾದಕರಿಗೆ ಕಷ್ಟದ ಕೆಲಸವೇನಲ್ಲ.